ಕಾಗೆಬಂಗಾರಕ್ಕೆ ಬಿದ್ದ ಬೀಗ

ಫೆಬ್ರವರಿ 4, ಮಂಗಳವಾರ. ಸಂಜೆ

ಮೊದಲು ಆಗಿರುವ ಅನ್ಯಾಯವನ್ನು ಬರೆದಿಡುತ್ತೇನೆ. ಬೇರೆ ಮಾತು ಆಮೇಲೆ. ಇವತ್ತು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಗರಸಭೆಯ ಆರೋಗ್ಯ ಶಾಖೆಯವರು ತಂಗಿ ಕೆಲಸ ಮಾಡುವ, ಅಭ್ರಕದ ಹಾಳೆ ಸೀಳುವ ವರ್ಕ್‌ಶಾಪಿಗೆ ಬೀಗ ಜಡಿದರು. ಬೀಗದ ಮೇಲೆ ಅರಗಿನ ಸೀಲು. ಆಮೇಲೆ ಜೀಪಿಗೆ ಮೈಕು ಕಟ್ಟಿ ಸುತ್ತಲಿನ ಬೀದಿಗಳಿಗೆಲ್ಲ ಕೇಳುವಂತೆ ಸಾರಿದರು — "ಈ ಕಾರ್ಖಾನೆಯ ಪುಡಿಯಲ್ಲಿ ಕ್ಯಾನ್ಸರ್ ತರುವ ಆಸ್ಬೆಸ್ಟಾಸ್ ಪತ್ತೆಯಾಗಿದೆ. ಸಾರ್ವಜನಿಕರು ದೂರ ಇರಬೇಕು." ಮುಂಚೆ ಒಂದು ನೋಟಿಸಿಲ್ಲ. ವಿಚಾರಣೆಯಿಲ್ಲ. ಒಳಗಿದ್ದ ಹೆಂಗಸರಿಗೆ ಚಪ್ಪಲಿ ಹುಡುಕಿಕೊಳ್ಳುವಷ್ಟೂ ಪುರುಸೊತ್ತು ಕೊಡಲಿಲ್ಲವಂತೆ.

ನಾನಾಗ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಜೀಪಿನ ಗದ್ದಲ ಕೇಳಿತು, ಮಾತು ತಿಳಿಯಲಿಲ್ಲ. ನೀರಿನ ತೆರಿಗೆ ಕಟ್ಟಿ ಅನ್ನುತ್ತಿದ್ದಾರೆ ಅಂದುಕೊಂಡು ಕ್ಲಿಪ್ಪು ಸಿಕ್ಕಿಸುತ್ತಲೇ ಇದ್ದೆ.

ತಂಗಿ ಬಂದದ್ದು ಏಪ್ರನ್ ಬಿಚ್ಚದೆ, ಯಾರದೋ ಚಪ್ಪಲಿಯಲ್ಲಿ. ಊಟದ ಡಬ್ಬಿ ಹಾಗೇ ಭಾರವಾಗಿತ್ತು.

"ಊಟ ಆಯ್ತಾ?" ಅಂದೆ. ಬೇರೇನು ಕೇಳುವುದೋ ತೋಚಲಿಲ್ಲ.

"ಡಬ್ಬಿ ಮುಚ್ಚಳ ತೆಗೆಯೋಕೆ ಬಿಟ್ರೆ ತಾನೇ."

ಕೂತಳು. ಕೆಮ್ಮಿದಳು. ಈ ಕೆಮ್ಮು ಚಳಿಗಾಲದ ಶುರುವಿನಿಂದ ಇದೆ. ಇಷ್ಟು ದಿನ ಇಬ್ಬರೂ ಅದನ್ನು ಬರೀ ಕೆಮ್ಮು ಅಂದುಕೊಂಡಿದ್ದೆವು. ಇವತ್ತು ಇಬ್ಬರೂ ಅದನ್ನು ಕಿವಿಗೊಟ್ಟು ಕೇಳಿದೆವು.

"ಅಕ್ಕಾ, ನೀನು ಅಷ್ಟೆಲ್ಲ ಓದಿದೀಯ. ನಾವು ದಿನಾ ಸೀಳ್ತೀವಲ್ಲ, ಅದೇನಾ ಆಸ್ಬೆಸ್ಟಾಸ್?"

"ಅಲ್ಲ ಕಣೇ."

"ಗೊತ್ತಿದ್ದು ಹೇಳ್ತಿದೀಯೋ, ಸಮಾಧಾನಕ್ಕೆ ಹೇಳ್ತಿದೀಯೋ?"

ಡಬ್ಬಿ ಎತ್ತಿಕೊಂಡು ಒಳಗೆ ಹೋದೆ. ಸಮಾಧಾನಕ್ಕೇ ಹೇಳಿದ್ದು. ಇಪ್ಪತ್ತೆರಡು ವರ್ಷ ಆ ಮೇಜಿನ ಮುಂದೆ ಕೂತವಳು ನನ್ನ ತಂಗಿ. ಗೊತ್ತಿಲ್ಲದೆ ಮಾತಾಡಬಾರದು. ನಾಳೆ ಬೆಳಿಗ್ಗೆ ಓದಬೇಕು.


ಫೆಬ್ರವರಿ 5, ಬುಧವಾರ

ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದ್ದಕ್ಕೆ ಸಿಕ್ಕ ಆಸ್ತಿ ಇದೊಂದೇ — ಬೈಂಡಿಂಗ್ ಕೆಟ್ಟು ಮೂಲೆಗೆ ಬಿದ್ದ ವಿಶ್ವಕೋಶದ ಸಂಪುಟಗಳು. ಕಪಾಟಿನಿಂದ ಇಳಿಸಿದೆ. 'ಅಭ್ರಕ'. ಎರಡು ಪುಟ.

ಓದಿ ತಿಳಿದದ್ದು ಇಷ್ಟು. ತಂಗಿಯ ವರ್ಕ್‌ಶಾಪಿಗೆ ಬರುವುದು ಬಿಳಿ ಜಾತಿಯದು, ಮಸ್ಕೊವೈಟ್. ಅದರೊಳಗಿರುವುದು ಪೊಟ್ಯಾಸಿಯಂ, ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ, ಅದಕ್ಕೆ ಅಂಟಿಕೊಂಡ ಒಂದಿಷ್ಟು ಜಲಜನಕ. ಎಲ್ಲವೂ ಮಣ್ಣಿನಲ್ಲಿ, ಕಲ್ಲಿನಲ್ಲಿ ಕಾಲಿಗೆ ತೊಡರುವ ಸಾಮಾನ್ಯ ವಸ್ತುಗಳೇ. ಜೋಡಣೆಯಲ್ಲಿದೆ ವಿಶೇಷ. ಸಿಲಿಕಾನಿನ ಎರಡು ಪದರ, ನಡುವೆ ಅಲ್ಯೂಮಿನಿಯಮ್ಮಿನ ಒಂದು ಪದರ. ಮೂರೂ ಸೇರಿ ಒಂದು ಗಟ್ಟಿ ಹಾಳೆ. ಒಂದು ಹಾಳೆಗೂ ಇನ್ನೊಂದಕ್ಕೂ ನಡುವೆ ಪೊಟ್ಯಾಸಿಯಮ್ಮಿನ ಅಂಟು. ಆ ಅಂಟು ಬಡಕಲು. ಚಾಕು ನುಗ್ಗುವುದು ಅಲ್ಲೇ.

ತಂಗಿಗೆ ಓದಿ ಹೇಳಿದೆ. "ಪುಸ್ತಕದ ಹಾಗೆ ಅಂದ್ಕೋ. ಹಾಳೆ ಗಟ್ಟಿ, ಬೈಂಡಿಂಗ್ ಸಡಿಲ."

"ನಿಮ್ಮ ಪ್ರೆಸ್ಸಿಂದ ಬಂದ ಪುಸ್ತಕದ ಹಾಗೆ ಅನ್ನು."

ನಕ್ಕಳು. ನಿನ್ನೆಯಿಂದ ಮೊದಲ ಸಲ. ಆಮೇಲೆ ಕೆಮ್ಮು.

ಆಸ್ಬೆಸ್ಟಾಸ್ ಕೂಡ ಸಿಲಿಕಾನಿನ ಮನೆತನದ್ದೇ. ದಾಯಾದಿ. ಆದರೆ ಅದರ ಹುಟ್ಟುಗುಣ ನಾರು. ಕಣ್ಣಿಗೆ ಕಾಣದ ಸೂಜಿಗಳಾಗಿ ಒಡೆಯುತ್ತದೆ, ಉಸಿರಿನ ಜೊತೆ ಹೋಗಿ ಶ್ವಾಸಕೋಶದಲ್ಲಿ ನಾಟಿಕೊಂಡರೆ ಹೊರಗೆ ಬರುವುದಿಲ್ಲ. ಅಭ್ರಕ ಎಷ್ಟು ಒಡೆದರೂ ಚಪ್ಪಟೆ. ಆದರೆ ಗಣಿಯ ಕಲ್ಲಿನಲ್ಲಿ ಎರಡೂ ಬೆರೆತಿದ್ದರೆ? ನನ್ನ ಎರಡು ಪುಟದಲ್ಲಿ ಅದಕ್ಕೆ ಉತ್ತರವಿಲ್ಲ. ಅದನ್ನು ತಂಗಿಗೆ ಹೇಳಲಿಲ್ಲ.

ಅವಳು ತನ್ನ ಕೈಯಿಂದ ಹೋದ ಮಾಲಿನ ಪಟ್ಟಿ ಹೇಳುತ್ತಾ ಹೋದಳು. ಇಸ್ತ್ರಿ ಪೆಟ್ಟಿಗೆಯೊಳಗೆ ತಂತಿ ಸುತ್ತುವ ಹಾಳೆ. ರೂಮ್ ಹೀಟರು, ಬ್ರೆಡ್ ಸುಡುವ ಟೋಸ್ಟರು, ಕೂದಲು ಒಣಗಿಸುವ ಮೆಷಿನ್ನು. ಮೈಕ್ರೋವೇವ್ ಒಲೆಯ ಒಳಗೋಡೆಗೆ ಅಂಟಿರುವ, ರಟ್ಟಿನಂತೆ ಕಾಣುವ ತುಂಡು. ಕರೆಂಟು ದಾಟಬಾರದು, ಶಾಖಕ್ಕೆ ಕರಗಬಾರದು ಅನ್ನುವ ಕಡೆಯೆಲ್ಲ ಇದೇ. ಉಳಿದದ್ದನ್ನು ನಾನು ಓದಿದೆ. ಪುಡಿಮಾಡಿ ಬಣ್ಣಕ್ಕೆ ಬೆರೆಸುತ್ತಾರೆ, ಗೋಡೆಯ ಸಂದಿಗೆ ಮೆತ್ತುವ ಪುಟ್ಟಿಗೆ ಹಾಕುತ್ತಾರೆ, ರಬ್ಬರು ಅಚ್ಚಿಗೆ ಅಂಟದಿರಲಿ ಎಂದು ಉದುರಿಸುತ್ತಾರೆ, ತುಟಿಯ ಬಣ್ಣಕ್ಕೆ, ರೆಪ್ಪೆಯ ಬಣ್ಣಕ್ಕೆ ಹೊಳಪು ಕೊಡುತ್ತಾರೆ.

"ಹಾಗಾದ್ರೆ ಊರಿಗೆ ಊರೇ ಸೀಲು ಹಾಕ್ಬೇಕು. ಮದುವೆ ಹೆಣ್ಣುಗಳ ಮುಖಕ್ಕೆ ಮೊದ್ಲು."

ಈ ಶಾಖೆಯ ಚರಿತ್ರೆ ನನಗೆ ಹೊಸದಲ್ಲ. ಹದಿನೆಂಟು ವರ್ಷದ ಹಿಂದೆ ಹಿಂದಿನ ಬೀದಿಯ ಬಾವಿಯ ನೀರು ಕೆಂಪಾಯಿತು. ವಿಷ ಅಂದರು, ಮೇಲೆ ಚಪ್ಪಡಿ ಎಳೆದರು. ಪರೀಕ್ಷೆಯಲ್ಲಿ ಬಂದದ್ದು ಬರೀ ತುಕ್ಕು, ಹಳೆಯ ಪೈಪಿನದು. ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿದ್ದ ನಗರಸಭೆಯ ವಾರ್ಷಿಕ ವರದಿಯ ಕರಡಿನಲ್ಲಿ, ಅನುಬಂಧದಲ್ಲಿ, ಅತಿ ಸಣ್ಣ ಅಕ್ಷರದಲ್ಲಿ ಅದನ್ನು ಓದಿದವಳು ನಾನು. ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ. ಚಪ್ಪಡಿ ಹಾಗೇ ಇದೆ. ಈಗಿನ ಮಕ್ಕಳೂ ಅದನ್ನು ವಿಷದ ಬಾವಿ ಅನ್ನುತ್ತವೆ.


ಫೆಬ್ರವರಿ 6, ಗುರುವಾರ

ಕೆಳಗಿನ ಮನೆಯ ಓನರಮ್ಮ ಮೆಟ್ಟಿಲ ಬುಡದಲ್ಲೇ ನಿಂತು ಕೂಗಿದರು. ಮೇಲೆ ಬರಲಿಲ್ಲ.

"ತಪ್ಪು ತಿಳ್ಕೋಬೇಡಿ. ನಿಮ್ಮ ತಂಗಿ ಬಟ್ಟೆ ಮಾತ್ರ ಮೇಲೆ ಒಣಗಿಸ್ಬೇಡಿ. ಗಾಳಿ ಬಂದ್ರೆ ಕೆಳಗೆ ಉದುರತ್ತೆ."

"ಏನು ಉದುರತ್ತೆ?"

"ಅದೇ... ಅದು."

"ನಿಮ್ಮ ಇಸ್ತ್ರಿ ಪೆಟ್ಟಿಗೆ ಒಳಗೂ ಅದೇ ಇರೋದು" ಅಂದೆ. ಬಾಯಿ ಮುಚ್ಚಿಕೊಂಡಿರಬೇಕಿತ್ತು. ಸಂಜೆ ನೋಡಿದರೆ ಅವರ ಇಸ್ತ್ರಿ ಪೆಟ್ಟಿಗೆ ಕಾಂಪೌಂಡ್ ಗೋಡೆಯ ಮೇಲೆ ಅನಾಥವಾಗಿ ಕೂತಿತ್ತು, ವೈರು ನೇತಾಡಿಸಿಕೊಂಡು.

ಮಧ್ಯಾಹ್ನ ಆರೋಗ್ಯ ಶಾಖೆಗೆ ಹೋಗಿದ್ದೆ. ಆರೋಗ್ಯಾಧಿಕಾರಿ ಚಿಕ್ಕ ವಯಸ್ಸಿನವರು, ಒರಟಲ್ಲ. ಕುರ್ಚಿ ತೋರಿಸಿದರು.

"ಅಮ್ಮಾ, ಲ್ಯಾಬ್ ರಿಪೋರ್ಟ್ ಇದೆ. ಸುಮ್ಸುಮ್ನೆ ಬೀಗ ಹಾಕ್ತೀವಾ?"

"ಪುಡಿ ಎಲ್ಲಿಂದ ತಗೊಂಡ್ರಿ?"

"ಕಾರ್ಖಾನೆಯಿಂದ."

"ಕಾರ್ಖಾನೆಯಲ್ಲಿ ಯಾವ ಜಾಗದಿಂದ? ಮೇಜಿನ ಮೇಲಿಂದಾ, ನೆಲದಿಂದಾ, ಕಿಟಕಿ ಸಂದಿಯಿಂದಾ?"

"ಅದೆಲ್ಲ ನಮ್ಮ ಇನ್‌ಸ್ಪೆಕ್ಟರ್ ನೋಡ್ಕೋತಾರೆ."

"ಅವರೆಲ್ಲಿ?"

"ರಜಾ."

"ಇನ್ನೊಂದ್ಸಲ ಪರೀಕ್ಷೆ ಮಾಡಿಸಿ."

"ಒಂದ್ಸಲ ಬಂದ್ಮೇಲೆ ಮತ್ತೆ ಯಾಕೆ ಮಾಡ್ಬೇಕು? ನಿಮ್ಮ ತಂಗಿಗೆ ಒಳ್ಳೇದಕ್ಕೇ ಅಲ್ವಾ ನಾವು ಮಾಡಿರೋದು?"

ಆ ಮಾತು ಕೇಳಿ ಎದ್ದು ಬಂದೆ. ನಿಜಕ್ಕೂ ವಿಷವೇ ಆಗಿದ್ದರೆ ಇವರು ಮಾಡಿದ್ದು ಸರಿ, ಇಪ್ಪತ್ತೆರಡು ವರ್ಷ ತಡ ಅಷ್ಟೆ. ದಾರಿಯುದ್ದಕ್ಕೂ ಅದೇ ಹುಳು ತಲೆ ಕೊರೆಯಿತು.


ಫೆಬ್ರವರಿ 8, ಶನಿವಾರ

ಆಸ್ಪತ್ರೆ. ಎದೆಯ ಎಕ್ಸ್‌ರೇ ತೆಗೆದರು. ರಕ್ತವನ್ನೂ ಕೊಟ್ಟಳು. ದೊಡ್ಡ ಡಾಕ್ಟರು ಸೋಮವಾರ ನೋಡುತ್ತಾರಂತೆ.

ಮನೆಗೆ ಬಂದವಳೇ ಅಟ್ಟದ ಟ್ರಂಕು ಇಳಿಸಿ ಬಟ್ಟೆ ವಿಂಗಡಿಸತೊಡಗಿದಳು. "ಈ ಶಾಲು ನೀನಿಟ್ಕೋ. ಇದು ಸೂಜಿಗೆ ಕೊಡು, ಅವಳಿಗೆ ಈ ಬಣ್ಣ ಇಷ್ಟ." ಸೂಜಿ ಅಂದರೆ ಅವಳ ಪಕ್ಕದ ಮೇಜಿನವಳು. ಮೈಯೂ ಸಣ್ಣ, ಮಾತೂ ಚುಚ್ಚು, ಅದಕ್ಕೆ ಆ ಹೆಸರು.

"ಟ್ರಂಕು ಮುಚ್ಚೇ" ಅಂದೆ.

"ಆಮೇಲೆ ನೀನು ಹುಡುಕ್ತಾ ಕೂರ್ಬಾರ್ದು ಅಂತ."

"ಮುಚ್ಚು ಅಂದ್ನಲ್ಲ."

ಮುಚ್ಚಿದಳು. ಮೇಲೆ ಕೂತಳು. ಅತ್ತಳು. ನಾನು ಪಕ್ಕದಲ್ಲಿ ಕೂತೆ. ಅಮ್ಮ ಹೋದಾಗ ಇವಳಿಗೆ ಒಂಬತ್ತು ವರ್ಷ, ನನಗೆ ಹತ್ತೊಂಬತ್ತು. ಇವಳ ಜಡೆ ಹೆಣೆದದ್ದು ನಾನು, ಶಾಲೆಗೆ ಸೇರಿಸಿದ್ದು ನಾನು, ಈ ಕೆಲಸಕ್ಕೆ... ಬೇಡ. ಮುಂದೆ ಬರೆಯುವುದಿಲ್ಲ.


ಫೆಬ್ರವರಿ 9, ಭಾನುವಾರ. ಮಧ್ಯಾಹ್ನ

ಕೋಪ ಮಾಡಲೋ ನಗಲೋ ತಿಳಿಯದು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಊಟದ ಹೊತ್ತು. ಅಧಿಕಾರಿಯ ಮಾತನ್ನೇ ಮೆಲುಕು ಹಾಕುತ್ತಿದ್ದೆ. "ಆ ಇನ್‌ಸ್ಪೆಕ್ಟರು ಪುಡಿ ಎಲ್ಲಿಂದ ತೆಗೆದ ಅಂತ ಅವರಿಗೇ ಗೊತ್ತಿಲ್ಲ ಕಣೇ" ಅಂದೆ.

ತಂಗಿ ತಟ್ಟೆಯಿಂದ ತಲೆ ಎತ್ತದೆ, "ಅವನೆಲ್ಲಿ ತೆಗೆದ. ನಾನೇ ಕೊಟ್ಟಿದ್ದು" ಅಂದಳು.

"ನೀನಾ?"

"ಹೋದ ತಿಂಗಳು ಬಂದಿದ್ನಲ್ಲ, ಪರೀಕ್ಷೆಗೆ ಪುಡಿ ಕೊಡಿ ಅಂದ. ಫ್ಯಾನ್ ಕೆಳಗೆ ಕೂತು ಯಜಮಾನ್ರ ಜೊತೆ ಚಹಾ ಕುಡೀತಿದ್ದ. ಬಿಸಿಲಲ್ಲಿ ಬಂದಿದ್ದ ಪಾಪ. ನೆಲದ ಮೇಲೆ ನೋಡಿದ್ರೆ ಪುಡಿ ಎಲ್ಲಿದೆ? ಗುಡಿಸಿ ಆಗಿತ್ತು."

ಇಲ್ಲಿ ಅವರ ವರ್ಕ್‌ಶಾಪಿನ ರೀತಿ ಹೇಳಬೇಕು. ಅಲ್ಲಿ ಕಸ ಅನ್ನುವುದೇ ಇಲ್ಲ. ಸೀಳುವಾಗ ಬಿದ್ದ ದೊಡ್ಡ ಚೂರು ಒಂದು ಚೀಲಕ್ಕೆ, ಸಣ್ಣದು ಇನ್ನೊಂದಕ್ಕೆ, ಮೇಜಿನ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದು ಮತ್ತೊಂದಕ್ಕೆ. ಎಲ್ಲವೂ ಬಣ್ಣದ ಕಾರ್ಖಾನೆಗೆ ಹೋಗುತ್ತದೆ. ನೆಲದ ಮೇಲೆ ಒಂದು ಚೂರು ಮಿನುಗಿದರೆ ಯಜಮಾನರು ಬೈಯುವುದಿಲ್ಲವಂತೆ. ತಾವೇ ಬಗ್ಗಿ ಎತ್ತಿ, ಬೀಳಿಸಿದವಳ ಮೇಜಿನ ಮೇಲಿಟ್ಟು ಹೋಗುತ್ತಾರೆ. ಆ ದಿನವೆಲ್ಲ ಅವಳ ಮುಖ ಚಿಕ್ಕದು.

"ಚೀಲದಿಂದ ಕೊಡಬಹುದಿತ್ತಲ್ಲೇ" ಅಂದೆ.

"ತೂಕ ಆಗಿ ಬಾಯಿ ಹೊಲಿದಿಟ್ಟ ಚೀಲ! ಬಿಚ್ಚಿ ಇವನಿಗೆ ಕೊಡ್ಲಾ? ನಮ್ಮಲ್ಲಿ ಹೊಳೆಯೋದನ್ನ ಯಾರೂ ಪುಕ್ಕಟೆ ಕೊಡಲ್ಲ ಅಕ್ಕ. ಹಿಂದ್ಗಡೆ ಶೆಡ್ ಹತ್ರ ಒಂದು ಹರುಕು ಚೀಲ ಇತ್ತು. ಹೇಗಿದ್ರೂ ಬಿಸಾಕೋದು. ಅದರಿಂದ ಒಂದು ಹಿಡಿ ತಂದು ಪೊಟ್ಟಣ ಕಟ್ಕೊಟ್ಟೆ. ಅವನಿಗೆ ಬೇಕಾಗಿದ್ದು ಪುಡಿ ತಾನೇ?"

"ಆ ಚೀಲದಲ್ಲಿ ಏನಿತ್ತು?"

"ಶೆಡ್ಡಿನ ಸೂರು ಬದಲಾಯಿಸಿದ್ರಲ್ಲ, ಹಳೇ ಶೀಟು ಒಡೆದ ಚೂರು, ಪುಡಿ."

"ಯಾವ ಶೀಟು?"

"ಬೂದಿ ಬಣ್ಣದ್ದು. ಅಲೆ ಅಲೆಯಾಗಿರತ್ತಲ್ಲ. ಸಿಮೆಂಟ್ ಶೀಟು."

ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದು ನಿಂತೆ. ಆ ಶೀಟು ಬರೀ ಸಿಮೆಂಟಲ್ಲ. ಗಟ್ಟಿಯಾಗಲಿ ಎಂದು ಅದರೊಳಗೆ ಆಸ್ಬೆಸ್ಟಾಸ್ ನಾರು ಬೆರೆಸಿರುತ್ತಾರೆ. ಹಳೆಯ ಸೂರು ಅಂದರೆ ಅದೇ. ಇನ್‌ಸ್ಪೆಕ್ಟರು ಒಯ್ದದ್ದು ಅಭ್ರಕವನ್ನೇ ಅಲ್ಲ!

"ಇದನ್ನ ಮೊದಲೇ ಯಾಕೆ ಬೊಗಳಲಿಲ್ವೇ?"

"ಯಾರಾದ್ರೂ ಕೇಳಿದ್ರೆ ತಾನೇ? ನೀನೂ ಕೇಳ್ಲಿಲ್ಲ. ಪುಸ್ತಕ ಕೇಳ್ತಾ ಕೂತಿದ್ದೆ."

ಸರಿಯಾಗಿ ಕೊಟ್ಟಳು. ಊಟ ತಣ್ಣಗಾಗಿತ್ತು. ಇಬ್ಬರೂ ಮತ್ತೆ ಕೂತು ಪೂರ್ತಿ ಉಂಡೆವು, ಎರಡನೇ ಸಲ ಬಡಿಸಿಕೊಂಡು.


ಫೆಬ್ರವರಿ 10, ಸೋಮವಾರ

ದೊಡ್ಡ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು. ಅಷ್ಟು ಹೊತ್ತೂ ತಂಗಿ ನನ್ನ ಕಿರುಬೆರಳು ಹಿಡಿದಿದ್ದಳು, ರಸ್ತೆ ದಾಟುವ ಮಗುವಿನ ಹಾಗೆ.

"ಶ್ವಾಸಕೋಶ ಚೆನ್ನಾಗಿದೆ. ಕೆಮ್ಮು ಯಾವಾಗ ಜಾಸ್ತಿ?"

"ಮಲಗಿದ್ಮೇಲೆ."

"ಊಟ ಎಷ್ಟೊತ್ತಿಗೆ?"

"ಮಲಗೋ ಮುಂಚೆ."

"ಎಷ್ಟು ಮುಂಚೆ?"

ನನ್ನ ಮುಖ ನೋಡಿದಳು. ನಾನೇ ಹೇಳಿದೆ, "ಕೈ ತೊಳೆದು ನೇರ ಹಾಸಿಗೆಗೇ ಡಾಕ್ಟ್ರೇ."

ಹೊಟ್ಟೆಯ ಹುಳಿ ಗಂಟಲಿಗೆ ಬರುತ್ತಿದೆಯಂತೆ. ಅದರ ಕೆಮ್ಮು. ಮಾತ್ರೆ ಬರೆದರು, ಬೇಗ ಉಣ್ಣಲು ಹೇಳಿದರು. ತಂಗಿ, "ಹಾಗಾದ್ರೆ ನಾನು ಬದುಕ್ತೀನಾ?" ಅಂದಳು. "ಹೊತ್ತಿಗೆ ಸರಿಯಾಗಿ ಉಂಡ್ರೆ ಬದುಕ್ತೀರಿ" ಅಂದರು.

ಆದರೆ ಪೂರ್ತಿ ಬಿಡುಗಡೆ ಕೊಡಲಿಲ್ಲ. ಆಸ್ಬೆಸ್ಟಾಸಿನ ಕೆಡುಕು ಎಷ್ಟೋ ವರ್ಷ ಕಳೆದ ಮೇಲೂ ತಲೆ ಎತ್ತಬಹುದಂತೆ. ಈಗ ಎಕ್ಸ್‌ರೇ ಸ್ವಚ್ಛವಾಗಿದೆ ಅಂದ ಮಾತ್ರಕ್ಕೆ ಮುಗಿಯಲಿಲ್ಲ. "ದಿನಾ ಉಸಿರಾಡಿದ್ದು ಯಾವ ಪುಡಿ ಅನ್ನೋದು ಖಚಿತ ಆಗ್ಲಿ. ಅಭ್ರಕ ಆದ್ರೂ ಮೂಗಿಗೆ ಮಾಸ್ಕ್ ಕಟ್ಟಿ. ಯಾವ ಧೂಳೂ ಶ್ವಾಸಕೋಶಕ್ಕೆ ನೆಂಟ ಅಲ್ಲ."

ಖಚಿತ ಮಾಡಬೇಕು. ನಗರಸಭೆಯನ್ನು ಕಾಯುತ್ತಾ ಕೂರಲಾರೆ.


ಫೆಬ್ರವರಿ 13, ಗುರುವಾರ

ಕಾಲೇಜಿನ ಭೂವಿಜ್ಞಾನ ವಿಭಾಗ. ನೆಲಮಾಳಿಗೆ, ಗಾಜಿನ ಬೀರುಗಳ ತುಂಬ ಕಲ್ಲು. ಅಲ್ಲಿನ ಲೆಕ್ಚರರ್ ಗಟ್ಟಿ ದನಿಯ ಹೆಂಗಸು. ಕಥೆ ಕೇಳಿ ನಗಲಿಲ್ಲ, ಅಯ್ಯೋ ಅನ್ನಲಿಲ್ಲ. "ಏನೇನು ತಂದಿದೀರಿ?" ಅಂದರು ಅಷ್ಟೆ.

ವರ್ಕ್‌ಶಾಪಿಗೆ ಬೀಗ. ಒಳಗಿನದು ಸಿಗುವಂತಿಲ್ಲ. ಮನೆಯಲ್ಲೇ ಉಳಿದಿದ್ದ ಏಪ್ರನ್ ಕೊಟ್ಟೆ, ಒಗೆದಿರಲಿಲ್ಲ, ಜೇಬಿನ ಮೂಲೆಯಲ್ಲಿ ಪುಡಿ ಇತ್ತು. ಬಣ್ಣದ ಕಾರ್ಖಾನೆಯವರು ಹಿಂದಿನ ತಿಂಗಳ ಚೀಲದಿಂದ ಒಂದು ಪೊಟ್ಟಣ ಕೊಟ್ಟಿದ್ದರು. ಶೆಡ್ಡಿನ ಹರುಕು ಚೀಲ ಬೀಗದ ಹೊರಗೇ ಬಿದ್ದಿತ್ತು. ಅದರಿಂದ ಒಂದು ಚೂರನ್ನು ಲೆಕ್ಚರರ್ ಮೊದಲೇ ಫೋನಿನಲ್ಲಿ ಹೇಳಿದ್ದಂತೆ ನೀರು ಚಿಮುಕಿಸಿ, ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಎರಡು ಕವರಿನಲ್ಲಿ ತಂದಿದ್ದೆವು.

ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಏಪ್ರನ್ನಿನ ಪುಡಿ — ಒಡೆದ ಕಿಟಕಿಗಾಜಿನ ಹಾಗೆ, ಚಪ್ಪಟೆ ಚಪ್ಪಟೆ, ಅಂಚಿನಲ್ಲಿ ಕಾಮನಬಿಲ್ಲು. ಶೀಟಿನ ಚೂರು — ಬೂದಿಯ ನಡುವೆ ಸಿಕ್ಕುಬಿದ್ದ ಕೂದಲಿನ ಎಳೆಗಳು. ಎರಡನೆಯದನ್ನು ನೋಡಿ ಹಿಂದೆ ಸರಿದೆ.

"ಕಣ್ಣಿಗೆ ಕಂಡಿದ್ದನ್ನೇ ನಂಬಿ ಬರ್ಕೊಡಲ್ಲ. ದೊಡ್ಡ ಮೆಷಿನ್ನಲ್ಲಿ ಹಾಕಿ ನೋಡ್ತೀನಿ. ಮುಂದಿನ ವಾರ ಬನ್ನಿ."

ತಂಗಿ ಬಾಗಿಲ ಬಳಿ ಒಂದು ಕಲ್ಲಿನ ಮುಂದೆ ನಿಂತುಬಿಟ್ಟಿದ್ದಳು. ಅಂಗೈ ಅಗಲದ ಅಭ್ರಕದ ಗಟ್ಟಿ, ಪುಸ್ತಕದ ಹಾಗೆ ಹಾಳೆ ಹಾಳೆ, ಒಂದು ಅಂಚನ್ನು ಯಾರೋ ಸೀಳಿದ್ದರು.

"ಚೆಂದ ಅಲ್ವಾ?" ಅಂದರು ಲೆಕ್ಚರರ್.

"ಮಾಲು ಚೆನ್ನಾಗಿದೆ. ಸೀಳಿದೋರಿಗೆ ಬುದ್ಧಿ ಇಲ್ಲ" ಅಂದಳು ತಂಗಿ. ಆಗ ಅವರು ನಕ್ಕರು.


ಫೆಬ್ರವರಿ 18, ಮಂಗಳವಾರ

ಬಂತು.

ಏಪ್ರನ್: ಮಸ್ಕೊವೈಟ್, ಒಂದಿಷ್ಟು ಬೆಣಚುಕಲ್ಲಿನ ಕಣ, ಬಟ್ಟೆಯ ಹತ್ತಿ. ಆಸ್ಬೆಸ್ಟಾಸ್ ಇಲ್ಲ. ಬಣ್ಣದ ಕಾರ್ಖಾನೆಯ ಚೀಲ: ಮಸ್ಕೊವೈಟ್. ಆಸ್ಬೆಸ್ಟಾಸ್ ಇಲ್ಲ. ಶೆಡ್ಡಿನ ಶೀಟು: ಸಿಮೆಂಟಿನಲ್ಲಿ ಆಸ್ಬೆಸ್ಟಾಸ್, ಇದೆ.

ಮೂರು ಸಲ ಓದಿದೆ. ವೃತ್ತಿಯ ಚಟ — ಮೊದಲ ಸಲ ಅರ್ಥಕ್ಕೆ, ಎರಡನೇ ಸಲ ಅಕ್ಷರಕ್ಕೆ, ಮೂರನೇ ಸಲ ಸುಮ್ಮನೆ ಸಂತೋಷಕ್ಕೆ.

"ಒಂದು ಹಿಡಿ ಶೀಟಿನ ಪುಡಿ ಮುಟ್ಟಿದೀನಲ್ಲ, ಅದು?" ಅಂದಳು ತಂಗಿ. ಡಾಕ್ಟರಿಗೆ ಫೋನ್ ಮಾಡಿದೆ. ಒಂದು ಸಲ ಬಯಲಲ್ಲಿ ಮುಟ್ಟಿದ್ದಕ್ಕೂ ವರ್ಷಾನುಗಟ್ಟಲೆ ಉಸಿರಾಡಿದ್ದಕ್ಕೂ ಅಜಗಜಾಂತರ, ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ, ಆದರೆ ಇನ್ನು ಮುಟ್ಟಬೇಡಿ ಅಂದರು.

ಬಸ್ಸಿನಲ್ಲಿ ತಂಗಿ ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ಬಾಯಿ ತೆರೆದುಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತಾ. ನಮ್ಮ ಸ್ಟಾಪು ಬಂದರೂ ಎಬ್ಬಿಸಲು ಮನಸ್ಸಾಗಲಿಲ್ಲ. ಕೊನೆಯ ಸ್ಟಾಪಿನವರೆಗೂ ಹೋಗಿ ಅದೇ ಬಸ್ಸಿನಲ್ಲಿ ತಿರುಗಿ ಬಂದೆವು. ಕಂಡಕ್ಟರ್ ಮತ್ತೆ ಟಿಕೆಟ್ ಕೇಳಿದ. ಕೊಟ್ಟೆ. ಇಷ್ಟು ಖುಷಿಯಿಂದ ಯಾವ ಟಿಕೆಟ್ಟನ್ನೂ ಕೊಂಡಿಲ್ಲ.


ಫೆಬ್ರವರಿ 20, ಗುರುವಾರ

ಯಜಮಾನರು, ಸೂಜಿ, ನಾನು, ತಂಗಿ — ನಾಲ್ವರೂ ಆರೋಗ್ಯ ಶಾಖೆಗೆ. ಹೋಗುವ ಮುಂಚೆ ಚಹಾದಂಗಡಿಯಲ್ಲಿ ಎಲ್ಲ ಬಿಚ್ಚಿ ಹೇಳಿದ್ದಾಯಿತು. ಯಜಮಾನರು ಲೋಟ ಕೆಳಗಿಟ್ಟರು.

"ಒಂದು ಹಿಡಿ ಚೂರಿಗೆ ಜಿಪುಣತನ ಮಾಡಿ ಕಾರ್ಖಾನೆಗೇ ಬೀಗ ಹಾಕ್ಸಿದ್ಯಲ್ಲಮ್ಮ!"

"ಜಿಪುಣತನ ಕಲಿಸಿದ್ದು ಯಾರು?" ಅಂದಳು ತಂಗಿ.

ಸೂಜಿ ಬಿಡುತ್ತಾಳಾ? "ಯಜಮಾನ್ರೇ, ಇನ್ಮೇಲೆ ಬಾಗಿಲಲ್ಲಿ ಒಂದು ತಟ್ಟೆ ಇಡೋಣ. ಬಂದ ಆಫೀಸರಿಗೆಲ್ಲ ಒಂದೊಂದು ಹಿಡಿ, ಧಾರಾಳವಾಗಿ."

ಅವರೂ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಆ ಮನುಷ್ಯನ ಮುಖ ಹದಿನೈದು ದಿನದಲ್ಲಿ ಬತ್ತಿಹೋಗಿದೆ. "ನಾನು ಮೂವತ್ತು ವರ್ಷ ಹೆಂಗಸರನ್ನ ವಿಷದಲ್ಲಿ ಕೂರಿಸಿದ್ನಾ ಅಂತ ಒಂದೇ ಸಮ ಯೋಚನೆ ಮಾಡ್ತಿದ್ದೆ" ಅಂದರು. ಸೂಜಿ ಅವರ ಲೋಟಕ್ಕೆ ತನ್ನ ಲೋಟದಿಂದ ಅರ್ಧ ಚಹಾ ಸುರಿದಳು.

ಅಧಿಕಾರಿ ಕಾಲೇಜಿನ ವರದಿ ಓದಿದರು. ರಜೆ ಮುಗಿಸಿ ಬಂದಿದ್ದ ಇನ್‌ಸ್ಪೆಕ್ಟರನ್ನು ಕರೆಸಿದರು. ತಂಗಿಯೇ ಹೇಳಿದಳು, "ಸರ್, ನೀವು ಚಹಾ ಕುಡೀತಿದ್ರಲ್ಲ, ಆಗ ನಾನು ತಂದ್ಕೊಟ್ಟಿದ್ದು." ಅವನ ಕಿವಿ ಕೆಂಪಾಯಿತು.

ಸೋಮವಾರ ಖುದ್ದು ಬಂದು ಮೇಜಿನಿಂದ, ಕಿಟಕಿಯಿಂದ, ಫ್ಯಾನಿನ ರೆಕ್ಕೆಯಿಂದ ಪುಡಿ ತೆಗೆಯುತ್ತಾರಂತೆ. ಶೀಟಿನ ಚೀಲವನ್ನು ಒದ್ದೆ ಮಾಡಿ ಕಟ್ಟಿ ಒಯ್ಯುತ್ತಾರಂತೆ. ಆಗಲಿ.


ಫೆಬ್ರವರಿ 27, ಗುರುವಾರ

ಬೀಗ ತೆಗೆದಿದ್ದಾರೆ! ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ಯಜಮಾನರು ಹೋಗಿ ನೋಡಿದರೆ ಅರಗಿನ ಚೂರು ಹೊಸ್ತಿಲಲ್ಲಿ, ಬಾಗಿಲ ಸಂದಿಯಲ್ಲಿ ಮಡಿಸಿದ ಒಂದು ಕಾಗದ. 'ಮರುಪರೀಕ್ಷೆಯ ಮೇರೆಗೆ ಆದೇಶ ಹಿಂಪಡೆಯಲಾಗಿದೆ.' ಒಂದೇ ಸಾಲು. ತಪ್ಪಾಯಿತು ಅನ್ನುವ ಪದವಿಲ್ಲ, ಆಸ್ಬೆಸ್ಟಾಸ್ ಇಲ್ಲ ಅನ್ನುವ ಪದವೂ ಇಲ್ಲ.

ಇರಲಿ. ಇವತ್ತು ಕೋಪ ಬೇಡ. ತಂಗಿ ಕೆಲಸಕ್ಕೆ ಹೋದಳು, ಹೊಸ ಮಾಸ್ಕ್ ಕಟ್ಟಿಕೊಂಡು. ಡಬ್ಬಿ ಖಾಲಿಯಾಗಿ ಬಂತು. ಸಂಜೆ ಏಳಕ್ಕೇ ಉಂಡಳು, ನನ್ನನ್ನೂ ಉಣ್ಣಿಸಿದಳು. ಆಮೇಲೆ ಇಬ್ಬರೂ ಮಹಡಿಯ ಮೇಲೆ ಅಡ್ಡಾಡಿದೆವು. ಕೆಮ್ಮಿಲ್ಲ. ಅವಳ ತೋಳಿನ ಮೇಲೆ ಒಂದು ಚೂರು ಮಿನುಗುತ್ತಿತ್ತು. ಉಗುರಿನಿಂದ ತೆಗೆದು ಬೆಳಕಿಗೆ ಹಿಡಿದೆ. ಚಿಕ್ಕವರಿದ್ದಾಗ ಮಣ್ಣಿನಲ್ಲಿ ಇದನ್ನು ಕೆದಕಿ ಕಾಗೆಬಂಗಾರ ಸಿಕ್ಕಿತು ಅಂತ ಕುಣಿಯುತ್ತಿದ್ದೆವು.

"ಕೊಡಿಲ್ಲಿ" ಅಂದಳು. "ನಾಳೆ ಚೀಲಕ್ಕೆ ಹಾಕ್ತೀನಿ."

"ಅಷ್ಟು ಚೂರನ್ನಾ?"

"ಹೂಂ. ಪುಕ್ಕಟೆ ಕೊಡಲ್ಲ."

ಎಷ್ಟು ದಿನದ ಮೇಲೆ ಹಾಗೆ ನಕ್ಕೆವೋ. ಕೆಳಗಿನಿಂದ ಓನರಮ್ಮ ಏನಾಯ್ತು ಅಂತ ಕೂಗಿದರು.


ಮಾರ್ಚ್ 4, ಮಂಗಳವಾರ. ಸಂಜೆ

ನಾಲ್ಕು ದಿನ ಏನೂ ಬರೆದಿಲ್ಲ. ನಿಶ್ಚಿಂತೆ ಇದ್ದಾಗ ಬರೆಯುವುದಕ್ಕೇನಿರುತ್ತದೆ? ಇವತ್ತು ಬರೆಯಬೇಕಾಗಿದೆ.

ಸೂಜಿಯ ಮಗಳನ್ನು ಶಾಲೆಯಲ್ಲಿ ಹಿಂದಿನ ಬೆಂಚಿಗೆ ಒಬ್ಬಳನ್ನೇ ಕೂರಿಸಿದ್ದಾರಂತೆ. ಬೇರೆ ಮಕ್ಕಳ ಮನೆಯವರು ಹೇಳಿದರಂತೆ, ಆ ಕಾರ್ಖಾನೆಯವರ ಮಗು, ನಮ್ಮದರ ಪಕ್ಕ ಬೇಡ. ಹಣ್ಣಿನಂಗಡಿಯವನು ತಂಗಿಯ ಕೈಗೆ ಚಿಲ್ಲರೆ ಕೊಡುವುದಿಲ್ಲ, ತಕ್ಕಡಿಯ ಪಕ್ಕ ಇಡುತ್ತಾನೆ. ಓನರಮ್ಮನಿಗೆ ಕಾಲೇಜಿನ ವರದಿ ಓದಿ ಹೇಳಿದೆ. ಎಲ್ಲ ಕೇಳಿ, "ಆದ್ರೂ ಮೈಕಲ್ಲಿ ಹೇಳಿದ್ರಲ್ಲ" ಅಂದರು. ತಪ್ಪು ಅವರದಲ್ಲ. ಮೈಕಿನಲ್ಲಿ ಕೇಳಿದ್ದನ್ನು ಬಾಗಿಲ ಸಂದಿಯ ಕಾಗದ ಅಳಿಸುವುದಿಲ್ಲ.

ಅಧಿಕಾರಿಗೆ ಫೋನ್ ಮಾಡಿದೆ. "ಬೀಗ ತೆಗೆದಿದೀವಲ್ಲಮ್ಮ, ಇನ್ನೇನು?"

"ಹೇಳಿ. ಹಾಕುವಾಗ ಹೇಳಿದ ಹಾಗೇ ಊರಿಗೆ ಹೇಳಿ."

"ಅದಕ್ಕೆಲ್ಲ ನಿಯಮ ಇಲ್ಲ."

ಬಾವಿಯ ವಿಷಯದಲ್ಲಿ ಸುಮ್ಮನಿದ್ದರು. ಕೇಳುವವರು ಯಾರೂ ಇರಲಿಲ್ಲ. ಈ ಸಲ ಸುಮ್ಮನಿರಲು ನಾನು ಬಿಡುವುದಿಲ್ಲ. ನಾಳೆ ಹತ್ತು ಗಂಟೆಗೆ ನಗರಸಭೆಯ ತಿಂಗಳ ಸಭೆ. ಸಾರ್ವಜನಿಕರಿಗೆ ಪ್ರಶ್ನೆ ಕೇಳಲು ಅವಕಾಶವಿದೆ, ಹೆಸರು ಕೊಟ್ಟು ಬಂದಿದ್ದೇನೆ. ತಂಗಿಯೂ ಬರುತ್ತಾಳೆ. ಅವಳು ಕೊಟ್ಟ ಹಿಡಿಪುಡಿಯ ಕಥೆ ಅವಳೇ ಹೇಳುತ್ತಾಳಂತೆ, ಏನನ್ನೂ ಮುಚ್ಚಿಡದೆ. ನಮ್ಮ ಕಡೆಯ ತಪ್ಪನ್ನು ನಾವೇ ಮೊದಲು ಒಪ್ಪಿಕೊಂಡರೆ ಅವರಿಗೆ ಅಡಗಲು ಜಾಗವಿರುವುದಿಲ್ಲ ಅಂದಳು. ಇದು ನನಗೆ ಹೊಳೆದಿರಲಿಲ್ಲ.

ಕೇಳಬೇಕಾದದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ. ಅಲ್ಲಿ ದನಿ ನಡುಗಿದರೂ ಮಾತು ತಪ್ಪಬಾರದು.

ಎದ್ದು ಕೂಡ ನೋಡದೆ ಒಯ್ದ ಒಂದು ಪೊಟ್ಟಣವನ್ನು ನಂಬಿ ಆರು ಹೆಂಗಸರನ್ನು ಊರ ಮುಂದೆ ಕಳಂಕಿತರನ್ನಾಗಿ ಮಾಡಿದಿರಿ. ಅವರ ಮೇಜಿನ ಮೇಲಿದ್ದದ್ದು ಬರೀ ಅಭ್ರಕ ಎಂದು ಈಗ ನಿಮಗೆ ಗೊತ್ತು. ಆ ಪೊಟ್ಟಣದಲ್ಲಿದ್ದ ಹಳೆಯ ಶೀಟು ಊರಿನ ಎಷ್ಟು ಸೂರುಗಳ ಮೇಲಿದೆ, ಒಡೆದಾಗ ಏನು ಮಾಡಬೇಕು ಅನ್ನುವುದೂ ನಿಮಗೆ ಗೊತ್ತಿರಬೇಕು. ಎರಡನ್ನೂ ಯಾಕೆ ಯಾರಿಗೂ ಹೇಳಿಲ್ಲ? ನನ್ನ ಕಿವಿಯಲ್ಲಿ ಬೇಡ, ಕಾಗದದಲ್ಲಿ ಬೇಡ. ಇಲ್ಲೇ, ಇವರೆಲ್ಲರ ಎದುರು, ಎದ್ದು ನಿಂತು ಉತ್ತರ ಕೊಡಿ —